ಬ್ರಿಟಿಷ್ ಕೊಲಂಬಿಯಾ ಶುಶ್ರೂಷಕರ ಸಂಘ

ಬ್ರಿಟಿಷ್ ಕೊಲಂಬಿಯಾ ಶುಶ್ರೂಷಕರ ಸಂಘವು ಕೆನಡಾ ದೇಶದ ಪಶ್ಚಿಮ ತೀರದಲ್ಲಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ದಾದಿಯರು ಮತ್ತು ಪುರುಷ ಶುಶ್ರೂಷಕರ ಕಾರ್ಮಿಕ ಸಂಘಟನೆ. ಬಿ.ಸಿ.ಎನ್.ಯು. ಎಂಬುದು ಇದರ ಸಂಕ್ಷಿಪ್ತ ನಾಮ. 1981ರಲ್ಲಿ ಸ್ಥಾಪನೆಯಾದ ಈ ಸಂಘದ ಕೇಂದ್ರ ಕಚೇರಿಯು ವ್ಯಾಂಕೂವರ್ ನಗರಕ್ಕೆ ಹೊಂದಿಕೊಂಡಿರುವ ಬರ್ನಬಿಯಲ್ಲಿದೆ. ಆಸ್ಪತ್ರೆಗಳು, ವೃದ್ಧರ ಆರೈಕೆ ಕೇಂದ್ರಗಳು, ಸಮುದಾಯ ಆರೋಗ್ಯ ಘಟಕಗಳು ಹಾಗೂ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ದುಡಿಯುವ ಸುಮಾರು ಅರ್ಧ ಲಕ್ಷ ಮಂದಿ ಇದರ ವ್ಯಾಪ್ತಿಗೆ ಬರುತ್ತಾರೆ.

ವೇತನ, ಕೆಲಸದ ಅವಧಿ, ರಜೆ ಮುಂತಾದ ವಿಷಯಗಳಲ್ಲಿ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಸಂಘದ ಮೂಲ ಕಾರ್ಯ. ಇದರ ಜೊತೆಗೆ ಸದಸ್ಯರ ಮಾನವ ಹಕ್ಕುಗಳ ರಕ್ಷಣೆ ಮತ್ತು ಸದಸ್ಯರ ನಡುವಿನ ಸಮತೆಯನ್ನು ಸಂಘವು ತನ್ನ ಜವಾಬ್ದಾರಿಯೆಂದು ಅಂಗೀಕರಿಸಿದೆ. ಈ ಉದ್ದೇಶಕ್ಕಾಗಿ ಮಾನವ ಹಕ್ಕು ಮತ್ತು ಸಮತೆ ಸಮಿತಿಯನ್ನೂ, ಅದರ ಆಶ್ರಯದಲ್ಲಿ ಹಲವು ಗುಂಪುಗಳನ್ನೂ ರಚಿಸಿಕೊಂಡಿದೆ. ಈ ಲೇಖನವು ಸಂಘದ ಇತಿಹಾಸವನ್ನು ಸಂಕ್ಷಿಪ್ತವಾಗಿ ನೀಡಿ, ಮಾನವ ಹಕ್ಕುಗಳ ಕ್ಷೇತ್ರದಲ್ಲಿ ಅದರ ಕೆಲಸವನ್ನೂ ಆ ಕೆಲಸಕ್ಕೆ ಆಧಾರವಾದ ಕಾನೂನುಗಳನ್ನೂ ವಿವರಿಸುತ್ತದೆ.

ಸ್ಥಾಪನೆಯ ಹಿನ್ನೆಲೆ

ಬ್ರಿಟಿಷ್ ಕೊಲಂಬಿಯಾದ ಶುಶ್ರೂಷಕರಿಗೆ 1912ರಿಂದಲೇ ವೃತ್ತಿ ಸಂಘವಿತ್ತು. ನೋಂದಾಯಿತ ಶುಶ್ರೂಷಕರ ಸಂಘವೆಂದು ಮುಂದೆ ಹೆಸರಾದ ಆ ಸಂಸ್ಥೆಯು ಶಿಕ್ಷಣದ ಮಟ್ಟವನ್ನು ಕಾಯುವುದು, ಪರವಾನಗಿ ನೀಡುವುದು, ವೃತ್ತಿಯ ಶಿಸ್ತನ್ನು ನೋಡಿಕೊಳ್ಳುವುದು ಮೊದಲಾದ ಕೆಲಸಗಳನ್ನು ಮಾಡುತ್ತಿತ್ತು. 1940ರ ದಶಕದಿಂದ ಅದು ವೇತನದ ಕುರಿತು ಆಸ್ಪತ್ರೆಗಳೊಡನೆ ಸಾಮೂಹಿಕ ಚೌಕಾಸಿಯನ್ನೂ ನಡೆಸತೊಡಗಿತು. ಹೀಗೆ ನಿಯಂತ್ರಣದ ಅಧಿಕಾರ ಮತ್ತು ಕಾರ್ಮಿಕ ಪ್ರಾತಿನಿಧ್ಯ ಎರಡೂ ಒಂದೇ ಸಂಸ್ಥೆಯ ಕೈಯಲ್ಲಿದ್ದವು. ಅದರ ಆಡಳಿತ ಮಂಡಳಿಯಲ್ಲಿ ಆಸ್ಪತ್ರೆಗಳ ಮೇಲ್ವಿಚಾರಕಿಯರೂ ಶುಶ್ರೂಷಾ ನಿರ್ದೇಶಕಿಯರೂ ಇರುತ್ತಿದ್ದರು.

ಈ ವ್ಯವಸ್ಥೆಯನ್ನು ಪ್ರಶ್ನೆಗೊಳಪಡಿಸಿದ ಪ್ರಕರಣವು ಸಸ್ಕಾಚೆವಾನ್ ಪ್ರಾಂತ್ಯದ ನಿಪವಿನ್ ಎಂಬ ಊರಿನಿಂದ ಬಂದಿತು. ಅಲ್ಲಿನ ಶುಶ್ರೂಷಕರ ಸಂಘಟನೆಯು ಮಾಲೀಕರ ಪರವಾದ ಅಧಿಕಾರಿಗಳಿರುವ ವೃತ್ತಿ ಸಂಘದ ಹಿಡಿತದಲ್ಲಿದೆ, ಆದ್ದರಿಂದ ಅದನ್ನು ಕಾರ್ಮಿಕ ಸಂಘವೆಂದು ಮಾನ್ಯ ಮಾಡಲಾಗದು ಎಂಬ ಕಾರ್ಮಿಕ ಮಂಡಳಿಯ ನಿರ್ಣಯವನ್ನು ಕೆನಡಾದ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ಎತ್ತಿಹಿಡಿಯಿತು. ಈ ತೀರ್ಪಿನ ಪರಿಣಾಮವಾಗಿ ಕೆನಡಾದ ಪ್ರಾಂತ್ಯಗಳಲ್ಲಿ ಒಂದರ ನಂತರ ಒಂದರಂತೆ ಸ್ವತಂತ್ರ ಶುಶ್ರೂಷಕರ ಕಾರ್ಮಿಕ ಸಂಘಗಳು ಹುಟ್ಟಿಕೊಂಡವು. ಬ್ರಿಟಿಷ್ ಕೊಲಂಬಿಯಾದಲ್ಲಿ ಮೊದಲು ವೃತ್ತಿ ಸಂಘದೊಳಗೇ ಪ್ರತ್ಯೇಕ ಕಾರ್ಮಿಕ ವಿಭಾಗ ಏರ್ಪಟ್ಟಿತು. 1981ರಲ್ಲಿ ಅದು ಸಂಪೂರ್ಣವಾಗಿ ಬೇರ್ಪಟ್ಟು ಬಿ.ಸಿ.ಎನ್.ಯು. ಆಯಿತು. ಪರವಾನಗಿ ನೀಡುವ ಅಧಿಕಾರವು ಇಂದು ಬ್ರಿಟಿಷ್ ಕೊಲಂಬಿಯಾ ಶುಶ್ರೂಷಕರ ಮತ್ತು ಸೂಲಗಿತ್ತಿಯರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆಗೆ ಸೇರಿದೆ. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅದು ಪಾಠಶಾಲೆಯಲ್ಲ. ಸಾರ್ವಜನಿಕರ ಹಿತವನ್ನು ಕಾಯುವುದು ಕಾಲೇಜಿನ ಕೆಲಸವಾದರೆ, ಸದಸ್ಯರ ಹಿತವನ್ನು ಕಾಯುವುದು ಸಂಘದ ಕೆಲಸ.

ರಚನೆ ಮತ್ತು ಸದಸ್ಯತ್ವ

ಸಂಘದಲ್ಲಿ ಮೂರು ಬಗೆಯ ಶುಶ್ರೂಷಕರಿದ್ದಾರೆ: ನೋಂದಾಯಿತ ಶುಶ್ರೂಷಕರು, ನೋಂದಾಯಿತ ಮನೋರೋಗ ಶುಶ್ರೂಷಕರು ಮತ್ತು ಪರವಾನಗಿ ಪಡೆದ ಪ್ರಾಯೋಗಿಕ ಶುಶ್ರೂಷಕರು. ಕೊನೆಯ ವರ್ಗದವರ ಶಿಕ್ಷಣದ ಅವಧಿ ಕಡಿಮೆ, ವೇತನವೂ ಕಡಿಮೆ. ಇವರಲ್ಲಿ ಸಾವಿರಾರು ಮಂದಿ 2012ರ ಸುಮಾರಿಗೆ ಆಸ್ಪತ್ರೆ ನೌಕರರ ಇನ್ನೊಂದು ಸಂಘವನ್ನು ಬಿಟ್ಟು ಬಿ.ಸಿ.ಎನ್.ಯು. ಸೇರಿದರು. ಒಂದು ಸಂಘವು ಮತ್ತೊಂದರ ಸದಸ್ಯರನ್ನು ಸೆಳೆದುಕೊಂಡಿತೆಂಬ ಕಾರಣಕ್ಕೆ ಈ ಬೆಳವಣಿಗೆಯು ಕೆನಡಾದ ಕಾರ್ಮಿಕ ಚಳವಳಿಯೊಳಗೆ ತೀವ್ರ ವಿವಾದಕ್ಕೆ ಎಡೆಮಾಡಿತು. ಅದರೊಂದಿಗೆ, ದರ್ಜೆಯ ಭೇದವುಳ್ಳ ಸದಸ್ಯರನ್ನು ಒಂದೇ ಸೂರಿನಡಿ ಸಮಾನವಾಗಿ ಕಾಣುವ ಹೊಣೆಯೂ ಸಂಘದ ಮೇಲೆ ಬಿದ್ದಿತು.

ಆಡಳಿತಕ್ಕಾಗಿ ಪ್ರಾಂತ್ಯವನ್ನು 16 ವಲಯಗಳನ್ನಾಗಿ ವಿಂಗಡಿಸಲಾಗಿದೆ. ಪ್ರತಿಯೊಂದು ಕೆಲಸದ ಸ್ಥಳದಲ್ಲಿ ಸ್ಟೀವರ್ಡ್ ಎಂದು ಕರೆಯಲಾಗುವ ಪ್ರತಿನಿಧಿಗಳಿರುತ್ತಾರೆ. ಇವರು ಸಂಘದ ವೇತನ ಪಡೆಯುವ ಸಿಬ್ಬಂದಿಯಲ್ಲ, ಅದೇ ವಾರ್ಡಿನಲ್ಲಿ ದುಡಿಯುವ ಸಹೋದ್ಯೋಗಿಗಳು. ಸದಸ್ಯರೊಬ್ಬರಿಗೆ ತಾರತಮ್ಯವೋ ಕಿರುಕುಳವೋ ಎದುರಾದಾಗ ಅವರು ಮೊದಲು ಹೋಗುವುದು ಈ ಪ್ರತಿನಿಧಿಯ ಬಳಿಗೆ.

ಒಪ್ಪಂದದ ಮಾತುಕತೆಯು ಪ್ರಾಂತ್ಯದ ಮಟ್ಟದಲ್ಲಿ ನಡೆಯುತ್ತದೆ. ಶುಶ್ರೂಷಕರ ಪರವಾಗಿ ಹಲವು ಸಂಘಗಳು ಸೇರಿದ ಶುಶ್ರೂಷಕರ ಚೌಕಾಸಿ ಒಕ್ಕೂಟವೂ, ಮಾಲೀಕರ ಪರವಾಗಿ ಆರೋಗ್ಯ ಸಂಸ್ಥೆಗಳ ಮಾಲೀಕರ ಸಂಘವೂ ಮಾತುಕತೆಗೆ ಕುಳಿತುಕೊಳ್ಳುತ್ತವೆ. ಒಕ್ಕೂಟದಲ್ಲಿ ಬಿ.ಸಿ.ಎನ್.ಯು. ಅತಿ ದೊಡ್ಡ ಪಾಲುದಾರ.

ಸಮಾನತೆ ಮತ್ತು ಸಮತೆ

ಸಂಘದ ದಾಖಲೆಗಳಲ್ಲಿ ಸಮಾನತೆ ಎಂಬ ಪದಕ್ಕಿಂತ ಸಮತೆ ಎಂಬ ಪದ ಹೆಚ್ಚು ಬಳಕೆಯಲ್ಲಿದೆ. ಎಲ್ಲರನ್ನೂ ಒಂದೇ ರೀತಿ ನಡೆಸಿಕೊಳ್ಳುವುದು ಸಮಾನತೆ. ಪ್ರತಿಯೊಬ್ಬರ ಸ್ಥಿತಿಗತಿಯನ್ನು ಗಮನಿಸಿ, ಎಲ್ಲರಿಗೂ ನಿಜವಾದ ಅವಕಾಶ ದೊರೆಯುವಂತೆ ನಡೆಸಿಕೊಳ್ಳುವುದು ಸಮತೆ. ಎಲ್ಲ ಕಾಗದಪತ್ರಗಳನ್ನೂ ಎಲ್ಲರಿಗೂ ಒಂದೇ ಅಳತೆಯ ಅಕ್ಷರದಲ್ಲಿ ಮುದ್ರಿಸಿ ಕೊಟ್ಟರೆ ಅದು ಸಮಾನತೆ. ದೃಷ್ಟಿಮಾಂದ್ಯವುಳ್ಳವರಿಗೆ ದಪ್ಪ ಅಕ್ಷರದ ಪ್ರತಿಯನ್ನು ಕೊಟ್ಟರೆ ಅದು ಸಮತೆ.

ಕೆನಡಾದಲ್ಲಿ ಈ ಚಿಂತನೆಗೆ ಎರಡು ಮುಖ್ಯ ಮೂಲಗಳಿವೆ. ನ್ಯಾಯಾಧೀಶೆ ರೊಸಾಲಿ ಅಬೆಲ್ಲಾ ಅವರ ಏಕಸದಸ್ಯ ಆಯೋಗವು 1984ರಲ್ಲಿ ನೀಡಿದ ವರದಿಯು ‘ಉದ್ಯೋಗ ಸಮತೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟು, ಮಹಿಳೆಯರು, ಮೂಲನಿವಾಸಿಗಳು, ಅಂಗವಿಕಲರು ಮತ್ತು ವರ್ಣೀಯ ಅಲ್ಪಸಂಖ್ಯಾತರು ಎಂಬ ನಾಲ್ಕು ವರ್ಗಗಳನ್ನು ಗುರುತಿಸಿತು. ಇದನ್ನು ಆಧರಿಸಿದ ಒಕ್ಕೂಟ ಸರ್ಕಾರದ ಕಾನೂನು 1986ರಲ್ಲಿ ಬಂದಿತು. ಪ್ರಾಂತ್ಯದ ಅಧೀನದಲ್ಲಿರುವ ಆಸ್ಪತ್ರೆಗಳಿಗೆ ಅದು ನೇರವಾಗಿ ಅನ್ವಯಿಸದಿದ್ದರೂ ಅದರ ಪರಿಭಾಷೆಯು ಕಾರ್ಮಿಕ ಸಂಘಗಳಲ್ಲಿ ನೆಲೆಯೂರಿತು. ಎರಡನೆಯದು, ಬ್ರಿಟಿಷ್ ಕೊಲಂಬಿಯಾದಿಂದಲೇ ಹೊರಟ ಆಂಡ್ರ್ಯೂಸ್ ಪ್ರಕರಣ. ವಕೀಲರಾಗಲು ಕೆನಡಾದ ಪೌರತ್ವ ಇರಲೇಬೇಕೆಂಬ ನಿಯಮವನ್ನು 1989ರಲ್ಲಿ ರದ್ದುಪಡಿಸಿದ ಸರ್ವೋಚ್ಚ ನ್ಯಾಯಾಲಯವು, ಎಲ್ಲರನ್ನೂ ಒಂದೇ ರೀತಿ ನಡೆಸಿಕೊಳ್ಳುವುದರಿಂದಲೇ ಕೆಲವೊಮ್ಮೆ ಗಂಭೀರ ಅಸಮಾನತೆ ಉಂಟಾಗುತ್ತದೆ ಎಂದು ಹೇಳಿತು.

ಕಾನೂನಿನ ಚೌಕಟ್ಟು

ಮಾನವ ಹಕ್ಕುಗಳ ವಿಷಯದಲ್ಲಿ ಸಂಘದ ಕೆಲಸವು ಕೇವಲ ಸದಾಶಯವಲ್ಲ. ಅದಕ್ಕೆ ಕಾನೂನಿನ ಒತ್ತಾಯವೂ ಇದೆ.

ಬ್ರಿಟಿಷ್ ಕೊಲಂಬಿಯಾದ ಮಾನವ ಹಕ್ಕುಗಳ ಸಂಹಿತೆಯು ಜನಾಂಗ, ಬಣ್ಣ, ಧರ್ಮ, ಲಿಂಗ, ವೈವಾಹಿಕ ಸ್ಥಿತಿ, ವಯಸ್ಸು, ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯ, ರಾಜಕೀಯ ನಂಬಿಕೆ ಮುಂತಾದ ಆಧಾರಗಳ ಮೇಲೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಲೈಂಗಿಕ ಒಲವನ್ನು 1992ರಲ್ಲಿ, ಲಿಂಗ ಗುರುತು ಮತ್ತು ಅದರ ಅಭಿವ್ಯಕ್ತಿಯನ್ನು 2016ರಲ್ಲಿ, ಮೂಲನಿವಾಸಿ ಗುರುತನ್ನು 2021ರಲ್ಲಿ ಪಟ್ಟಿಗೆ ಸೇರಿಸಲಾಯಿತು. ಈ ಸಂಹಿತೆಯ 14ನೆಯ ಪ್ರಕರಣವು ಕಾರ್ಮಿಕ ಸಂಘಗಳನ್ನೇ ಕುರಿತದ್ದು. ಅದರಂತೆ ಯಾವ ಸಂಘವೂ ಮೇಲಿನ ಆಧಾರಗಳ ಮೇಲೆ ಒಬ್ಬರಿಗೆ ಸದಸ್ಯತ್ವ ನಿರಾಕರಿಸುವಂತಿಲ್ಲ, ಸದಸ್ಯರನ್ನು ಹೊರಹಾಕುವಂತಿಲ್ಲ, ಅವರ ನಡುವೆ ಭೇದ ಮಾಡುವಂತಿಲ್ಲ. ಹಿಂದುಳಿದವರ ಏಳಿಗೆಗಾಗಿ ರೂಪಿಸಿದ ವಿಶೇಷ ಕಾರ್ಯಕ್ರಮವು ತಾರತಮ್ಯವಾಗುವುದಿಲ್ಲ ಎಂದು 42ನೆಯ ಪ್ರಕರಣವು ಸ್ಪಷ್ಟಪಡಿಸುತ್ತದೆ.

ಪ್ರಾಂತ್ಯದ ಕಾರ್ಮಿಕ ಸಂಬಂಧ ಸಂಹಿತೆಯ 12ನೆಯ ಪ್ರಕರಣವು ಸಂಘಗಳ ಮೇಲೆ ನ್ಯಾಯಯುತ ಪ್ರಾತಿನಿಧ್ಯದ ಕರ್ತವ್ಯವನ್ನು ವಿಧಿಸುತ್ತದೆ. ಸಂಘವು ಸದಸ್ಯರ ಪರವಾಗಿ ನಡೆಯುವಾಗ ಮನಬಂದಂತೆಯಾಗಲಿ, ಪಕ್ಷಪಾತದಿಂದಾಗಲಿ, ದುರುದ್ದೇಶದಿಂದಾಗಲಿ ವರ್ತಿಸಬಾರದು.

ರೆನೋ ಪ್ರಕರಣ

ಕಾರ್ಮಿಕ ಸಂಘಗಳು ಮಾನವ ಹಕ್ಕುಗಳ ವಿಷಯದಲ್ಲಿ ಎಚ್ಚೆತ್ತುಕೊಳ್ಳಲು 1992ರ ರೆನೋ ತೀರ್ಪು ಮುಖ್ಯ ಕಾರಣವಾಯಿತು. ಬ್ರಿಟಿಷ್ ಕೊಲಂಬಿಯಾದ ಓಕನಾಗನ್ ಪ್ರದೇಶದ ಶಾಲಾ ಮಂಡಳಿಯೊಂದರಲ್ಲಿ ಸ್ವಚ್ಛತಾ ಕೆಲಸ ಮಾಡುತ್ತಿದ್ದ ನೌಕರರೊಬ್ಬರು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥಕ್ಕೆ ಸೇರಿದವರು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ದುಡಿಯುವುದು ಅವರ ಧರ್ಮಕ್ಕೆ ನಿಷಿದ್ಧ. ಶುಕ್ರವಾರ ಸಂಜೆಯ ಪಾಳಿಯ ಬದಲಿಗೆ ಭಾನುವಾರದಿಂದ ಗುರುವಾರದವರೆಗಿನ ಪಾಳಿಯನ್ನು ಅವರಿಗೆ ಕೊಡಲು ಮಂಡಳಿ ಸಿದ್ಧವಿತ್ತು. ಆದರೆ ಅದು ಸಾಮೂಹಿಕ ಒಪ್ಪಂದಕ್ಕೆ ವಿರುದ್ಧವೆಂದು ಅವರದೇ ಸಂಘವು ಸಮ್ಮತಿ ನೀಡಲಿಲ್ಲ. ಕೊನೆಗೆ ಅವರು ಕೆಲಸ ಕಳೆದುಕೊಂಡರು.

ಸರ್ವೋಚ್ಚ ನ್ಯಾಯಾಲಯವು ಮಾಲೀಕರನ್ನೂ ಸಂಘವನ್ನೂ ತಪ್ಪಿತಸ್ಥರೆಂದು ಘೋಷಿಸಿತು. ನೌಕರನ ಅಗತ್ಯಕ್ಕೆ ತಕ್ಕಂತೆ ಕೆಲಸವನ್ನು ಹೊಂದಿಸಿಕೊಡುವ ಕರ್ತವ್ಯ ಮಾಲೀಕರದು ಮಾತ್ರವಲ್ಲ. ಆ ಹೊಂದಾಣಿಕೆಗೆ ಅಡ್ಡಿಪಡಿಸಿದರೆ ಸಂಘವೂ ತಾರತಮ್ಯದಲ್ಲಿ ಪಾಲುದಾರನಾಗುತ್ತದೆ ಎಂಬುದು ತೀರ್ಪಿನ ತಿರುಳು. ಹೊಂದಾಣಿಕೆಗೆ ಇರುವ ಮಿತಿಯನ್ನು ಕಾನೂನು ‘ಮಿತಿಮೀರಿದ ತೊಂದರೆ’ ಎಂದು ಕರೆಯುತ್ತದೆ. ಸಣ್ಣಪುಟ್ಟ ಅನನುಕೂಲವನ್ನಾಗಲಿ, ಇತರ ನೌಕರರ ಅಸಮಾಧಾನವನ್ನಾಗಲಿ ಮಿತಿಮೀರಿದ ತೊಂದರೆಯೆಂದು ಪರಿಗಣಿಸಲಾಗದು.

ಮಯೋರಿನ್ ಮತ್ತು ನಂತರದ ತೀರ್ಪುಗಳು

1999ರ ಮಯೋರಿನ್ ತೀರ್ಪು ಕೂಡ ಇದೇ ಪ್ರಾಂತ್ಯದ್ದು. ಕಾಡ್ಗಿಚ್ಚು ನಂದಿಸುವ ದಳದಲ್ಲಿ ತೃಪ್ತಿಕರವಾಗಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು, ಹೊಸದಾಗಿ ತಂದ ದೈಹಿಕ ಪರೀಕ್ಷೆಯ 2.5 ಕಿಲೋಮೀಟರ್ ಓಟವನ್ನು 11 ನಿಮಿಷಗಳಲ್ಲಿ ಮುಗಿಸಲಾಗಲಿಲ್ಲವೆಂದು ಕೆಲಸದಿಂದ ತೆಗೆಯಲ್ಪಟ್ಟರು. ಆ ಅಳತೆಗೋಲು ಪುರುಷರ ದೇಹಶಕ್ತಿಯನ್ನು ಆಧರಿಸಿದ್ದು, ಸುರಕ್ಷಿತವಾಗಿ ಕೆಲಸ ಮಾಡಲು ಅಷ್ಟು ವೇಗ ಅಗತ್ಯವೆಂದು ಸಾಬೀತಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ಅಂದಿನಿಂದ, ಮಾಲೀಕರು ವಿಧಿಸುವ ಯಾವುದೇ ಅರ್ಹತೆಯು ಕೆಲಸಕ್ಕೆ ನಿಜಕ್ಕೂ ಅಗತ್ಯವೇ, ಅದನ್ನು ಸಡಿಲಿಸಿದರೆ ಮಿತಿಮೀರಿದ ತೊಂದರೆ ಆಗುವುದೇ ಎಂಬ ಪರೀಕ್ಷೆಗೆ ಒಳಪಡುತ್ತದೆ. ಭಾರ ಎತ್ತುವುದು ನಿತ್ಯದ ಕೆಲಸವಾಗಿರುವ ಶುಶ್ರೂಷಾ ವೃತ್ತಿಗೆ ಈ ತೀರ್ಪು ಬಹಳ ಪ್ರಸ್ತುತ.

ಸಾಮೂಹಿಕ ಒಪ್ಪಂದದಲ್ಲಿ ಬರೆದಿರಲಿ ಬಿಡಲಿ, ಮಾನವ ಹಕ್ಕುಗಳ ಕಾನೂನು ಅದರ ಭಾಗವೇ ಆಗಿರುತ್ತದೆ ಎಂದು 2003ರ ಪ್ಯಾರಿ ಸೌಂಡ್ ತೀರ್ಪು ಸಾರಿತು. ಇದರಿಂದಾಗಿ ತಾರತಮ್ಯದ ದೂರುಗಳನ್ನು ಸಂಘವು ಒಪ್ಪಂದದಡಿಯ ಅಹವಾಲಾಗಿ ಮಧ್ಯಸ್ಥಗಾರರ ಮುಂದೆ ಒಯ್ಯುವ ದಾರಿ ಗಟ್ಟಿಯಾಯಿತು.

ಮಾನವ ಹಕ್ಕು ಮತ್ತು ಸಮತೆ ಸಮಿತಿ

ಸಂಘದ ಸಮಿತಿಯು ಸದಸ್ಯರಿಗೆ ಹಕ್ಕುಗಳ ಬಗ್ಗೆ ತಿಳಿವಳಿಕೆ ನೀಡುವುದು, ಪ್ರತಿನಿಧಿಗಳಿಗೆ ತರಬೇತಿ ಕೊಡುವುದು, ಸಂಘದ ನೀತಿಗಳನ್ನು ಸಮತೆಯ ದೃಷ್ಟಿಯಿಂದ ಪರಿಶೀಲಿಸಿ ಸಲಹೆ ಕೊಡುವುದು ಮೊದಲಾದ ಕೆಲಸಗಳನ್ನು ಮಾಡುತ್ತದೆ. ಇದಕ್ಕೆ ಸೇರಿದ ಗುಂಪುಗಳ ಹೆಸರುಗಳು ಕಾಲಕಾಲಕ್ಕೆ ಬದಲಾಗಿವೆ. ಮುಖ್ಯವಾದವು ಇವು:

ಮೂಲನಿವಾಸಿ ನಾಯಕತ್ವ ವಲಯ: ಫಸ್ಟ್ ನೇಷನ್ಸ್, ಮೇಟಿ ಮತ್ತು ಇನ್ಯೂಟ್ ಸಮುದಾಯಗಳ ಶುಶ್ರೂಷಕರ ಗುಂಪು.

ವರ್ಣವೈವಿಧ್ಯ ಗುಂಪು: ಏಷ್ಯಾ, ಆಫ್ರಿಕಾ, ಕೆರಿಬಿಯನ್ ಮೊದಲಾದ ಮೂಲಗಳ, ಬಿಳಿಯರಲ್ಲದ ಸದಸ್ಯರ ಗುಂಪು.

ಅಂಗವಿಕಲ ಕಾರ್ಮಿಕರ ಗುಂಪು: ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯ, ದೀರ್ಘಕಾಲದ ಕಾಯಿಲೆ ಇರುವ ಸದಸ್ಯರದು.

ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಗುಂಪು: ವ್ಯಾಂಕೂವರಿನ ಪ್ರೈಡ್ ಮೆರವಣಿಗೆಯಲ್ಲಿ ಸಂಘದ ಪರವಾಗಿ ಭಾಗವಹಿಸುತ್ತ ಬಂದಿದೆ.

ಪುರುಷ ಶುಶ್ರೂಷಕರ ಗುಂಪು: ಕೆನಡಾದ ಶುಶ್ರೂಷಕರಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಮಂದಿ ಮಹಿಳೆಯರು. ಈ ವೃತ್ತಿಯಲ್ಲಿ ಪುರುಷರೇ ಅಲ್ಪಸಂಖ್ಯಾತರಾಗಿರುವುದರಿಂದ ಅವರಿಗೂ ಒಂದು ಗುಂಪನ್ನು ರಚಿಸಲಾಯಿತು.

ಈ ಗುಂಪುಗಳ ಉದ್ದೇಶ ಸದಸ್ಯರನ್ನು ವಿಭಜಿಸುವುದಲ್ಲ. ಸಾಮಾನ್ಯ ಸಭೆಯಲ್ಲಿ ಹೇಳಿಕೊಳ್ಳಲಾಗದ ಅನುಭವವನ್ನು ತಮ್ಮಂಥವರ ನಡುವೆ ಹೇಳಿಕೊಂಡು, ಅಲ್ಲಿಂದ ಬೇಡಿಕೆಯಾಗಿ ಸಂಘದ ಮುಂದೆ ತರುವುದು ಇದರ ಕ್ರಮ. ಸಂಘದ ಪದಾಧಿಕಾರಿಗಳ ಸ್ಥಾನಕ್ಕೆ ಎಲ್ಲ ಹಿನ್ನೆಲೆಯವರೂ ಬರುವಂತಾಗಬೇಕೆಂಬುದೂ ಇದರ ಹಿಂದಿನ ಆಶಯ. 2021ರಲ್ಲಿ ಭಾರತೀಯ ಮೂಲದ ಅಮನ್ ಗ್ರೆವಾಲ್ ಅವರು ಸಂಘದ ಅಧ್ಯಕ್ಷೆಯಾದರು.

ದೂರು ಪರಿಹಾರದ ದಾರಿಗಳು

ತಾರತಮ್ಯಕ್ಕೊಳಗಾದ ಸದಸ್ಯರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಸಂಘದ ಮೂಲಕ ಅಹವಾಲು ಸಲ್ಲಿಸುವುದು. ಅದು ಮೊದಲು ಆಸ್ಪತ್ರೆಯ ಆಡಳಿತದೊಂದಿಗಿನ ಮಾತುಕತೆಯಾಗಿ, ಅಲ್ಲಿ ಬಗೆಹರಿಯದಿದ್ದರೆ ಮಧ್ಯಸ್ಥಗಾರರ ವಿಚಾರಣೆಯಾಗಿ ಮುಂದುವರಿಯುತ್ತದೆ. ಅಹವಾಲು ಸಂಘದ ಸ್ವತ್ತಾದುದರಿಂದ ಅದನ್ನು ಎಲ್ಲಿಯವರೆಗೆ ಒಯ್ಯಬೇಕೆಂಬ ತೀರ್ಮಾನವೂ ಸಂಘದ್ದೇ. ಎರಡನೆಯದು ಪ್ರಾಂತ್ಯದ ಮಾನವ ಹಕ್ಕುಗಳ ನ್ಯಾಯಮಂಡಳಿಗೆ ನೇರವಾಗಿ ದೂರು ಕೊಡುವುದು. ಘಟನೆ ನಡೆದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. 2018ಕ್ಕೆ ಮೊದಲು ಈ ಗಡುವು ಆರು ತಿಂಗಳಷ್ಟೇ ಇತ್ತು. ಅಹವಾಲು ಈಗಾಗಲೇ ನಡೆಯುತ್ತಿದ್ದರೆ ನ್ಯಾಯಮಂಡಳಿಯು ತನ್ನ ವಿಚಾರಣೆಯನ್ನು ಮುಂದೂಡಬಹುದು.

ದೂರು ಕೊಟ್ಟವರೂ ಆರೋಪಕ್ಕೊಳಗಾದವರೂ ಒಂದೇ ಸಂಘದ ಸದಸ್ಯರಾಗಿರುವ ಸಂದರ್ಭ ಅತ್ಯಂತ ಕಠಿಣವಾದುದು. ಒಂದೇ ವಾರ್ಡಿನ ಒಬ್ಬ ದಾದಿಯು ಮತ್ತೊಬ್ಬಳಿಂದ ಜನಾಂಗೀಯ ನಿಂದನೆಗೆ ಗುರಿಯಾದರೆ, ಸಂಘವು ಮೊದಲನೆಯವಳ ಘನತೆಯನ್ನೂ, ಶಿಸ್ತುಕ್ರಮ ಎದುರಿಸುವ ಎರಡನೆಯವಳ ಉದ್ಯೋಗದ ಹಕ್ಕನ್ನೂ ನೋಡಿಕೊಳ್ಳಬೇಕು. ಇಂಥ ಸಂದರ್ಭದಲ್ಲಿ ಇಬ್ಬರಿಗೂ ಬೇರೆಬೇರೆ ಪ್ರತಿನಿಧಿಗಳನ್ನು ಒದಗಿಸುವುದು ಕಾರ್ಮಿಕ ಸಂಘಗಳ ರೂಢಿ. ಆದರೂ ಸಂಘವು ಬಲಿಷ್ಠರ ಪರ ನಿಂತಿತೆಂಬ ಭಾವನೆ ದೂರುದಾರರಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಸುಲಭವಲ್ಲ.

ಗಾಯ ಅಥವಾ ಕಾಯಿಲೆಯ ನಂತರ ಕೆಲಸಕ್ಕೆ ಮರಳುವವರಿಗಾಗಿ ಪ್ರಾಂತ್ಯದ ಒಪ್ಪಂದದಲ್ಲಿ ಮಾಲೀಕರು ಮತ್ತು ಸಂಘ ಒಟ್ಟಾಗಿ ನಡೆಸುವ ಅಂಗವೈಕಲ್ಯ ನಿರ್ವಹಣಾ ಕಾರ್ಯಕ್ರಮವಿದೆ. ಬೆನ್ನುನೋವಿನಿಂದ ರೋಗಿಗಳನ್ನು ಎತ್ತಲಾರದವರಿಗೆ ಹೊರರೋಗಿ ವಿಭಾಗದ ಕೆಲಸ, ರಾತ್ರಿಪಾಳಿಯಿಂದ ಕಾಯಿಲೆ ಉಲ್ಬಣಿಸುವವರಿಗೆ ಹಗಲು ಪಾಳಿ, ಹಂತಹಂತವಾಗಿ ಗಂಟೆಗಳನ್ನು ಹೆಚ್ಚಿಸುವುದು ಇವೆಲ್ಲ ಹೊಂದಾಣಿಕೆಯ ಸಾಮಾನ್ಯ ರೂಪಗಳು. ಹಗಲು ಪಾಳಿಯ ಸ್ಥಾನಗಳು ಸಾಮಾನ್ಯವಾಗಿ ಸೇವಾ ಜ್ಯೇಷ್ಠತೆಯ ಮೇಲೆ ದೊರೆಯುವುದರಿಂದ, ಹಿರಿಯ ಸದಸ್ಯರ ನಿರೀಕ್ಷೆಗೂ ಹೊಂದಾಣಿಕೆಯ ಕರ್ತವ್ಯಕ್ಕೂ ಇಲ್ಲಿ ತಿಕ್ಕಾಟ ಉಂಟಾಗುತ್ತದೆ. ರೆನೋ ತೀರ್ಪಿನ ಪ್ರಕಾರ ಜ್ಯೇಷ್ಠತೆಯ ನಿಯಮವು ಗೌರವಾರ್ಹವಾದರೂ ಅದೇ ಅಂತಿಮವಲ್ಲ.

ವರ್ಣಭೇದದ ಇತಿಹಾಸ

ಇಂತಹ ಸಮಿತಿಯೊಂದು ಏಕೆ ಬೇಕಾಯಿತೆಂಬುದನ್ನು ತಿಳಿಯಲು ವೃತ್ತಿಯ ಹಿಂದಿನ ಸ್ಥಿತಿಯನ್ನು ನೋಡಬೇಕು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಕೆನಡಾದ ಶುಶ್ರೂಷಾ ಶಾಲೆಗಳು ಕಪ್ಪು ವರ್ಣದ ಯುವತಿಯರಿಗೆ ಪ್ರವೇಶ ನೀಡುತ್ತಿರಲಿಲ್ಲ. ಅವರು ತರಬೇತಿಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹೋಗಬೇಕಿತ್ತು. ಈ ನಿರ್ಬಂಧ ಸಡಿಲವಾದದ್ದು 1940ರ ದಶಕದಲ್ಲಿ. ಕೆನಡಾದ ಮೂಲನಿವಾಸಿಗಳಲ್ಲಿ ಮೊದಲ ನೋಂದಾಯಿತ ದಾದಿಯೆಂದು ಗುರುತಿಸಲಾಗುವ ಎಡಿತ್ ಆಂಡರ್ಸನ್ ಮಾಂಚರ್ ಅವರೂ ತರಬೇತಿ ಪಡೆದು 1914ರಲ್ಲಿ ತೇರ್ಗಡೆಯಾದದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಭಾರತೀಯ ಮತ್ತು ಚೀನೀ ಮೂಲದವರಿಗೆ ಮತದಾನದ ಹಕ್ಕು ದೊರೆತದ್ದು 1947ರಲ್ಲಿ. ಜಪಾನೀ ಮೂಲದವರಿಗೂ ಮೂಲನಿವಾಸಿಗಳಿಗೂ ಪ್ರಾಂತ್ಯದ ಚುನಾವಣೆಗಳಲ್ಲಿ ಅದು ದೊರೆತದ್ದು 1949ರಲ್ಲಿ.

ಮೂಲನಿವಾಸಿಗಳ ಆರೋಗ್ಯ ಮತ್ತು ಶುಶ್ರೂಷಕರು

20ನೆಯ ಶತಮಾನದ ಮಧ್ಯಭಾಗದಲ್ಲಿ ಈ ಪ್ರಾಂತ್ಯದಲ್ಲಿ ಮೂಲನಿವಾಸಿಗಳಿಗೆಂದೇ ಪ್ರತ್ಯೇಕ ಆಸ್ಪತ್ರೆಗಳಿದ್ದವು. ಕೊಕ್ವಲೀಟ್ಜಾ, ನನೈಮೊ ಮತ್ತು ಮಿಲ್ಲರ್ ಬೇ ಎಂಬಲ್ಲಿದ್ದ ಆ ಆಸ್ಪತ್ರೆಗಳ ನೆನಪು ಹಳೆಯ ತಲೆಮಾರಿನವರಲ್ಲಿ ಇಂದಿಗೂ ನೋವಿನದು. ಮಕ್ಕಳನ್ನು ಕುಟುಂಬದಿಂದ ಬೇರ್ಪಡಿಸಿದ ವಸತಿ ಶಾಲೆಗಳ ಜೊತೆಗೆ ಈ ಆಸ್ಪತ್ರೆಗಳೂ ಆರೋಗ್ಯ ವ್ಯವಸ್ಥೆಯ ಮೇಲಿನ ಅಪನಂಬಿಕೆಗೆ ಕಾರಣವಾದವು.

ಪ್ರಾಂತ್ಯದ ಆರೋಗ್ಯ ಸೇವೆಯಲ್ಲಿ ಮೂಲನಿವಾಸಿಗಳ ವಿರುದ್ಧದ ಜನಾಂಗಭೇದದ ಬಗ್ಗೆ ಮೇರಿ ಎಲೆನ್ ಟರ್ಪೆಲ್-ಲಾಫೋಂಡ್ ಅವರ ನೇತೃತ್ವದಲ್ಲಿ ನಡೆದ ಪರಿಶೀಲನೆಯ ವರದಿಯು 2020ರ ನವೆಂಬರಿನಲ್ಲಿ ಪ್ರಕಟವಾಯಿತು. ಸಮೀಕ್ಷೆಯಲ್ಲಿ ಉತ್ತರಿಸಿದ ಮೂಲನಿವಾಸಿಗಳಲ್ಲಿ ಶೇಕಡ 84ರಷ್ಟು ಮಂದಿ ಒಂದಲ್ಲ ಒಂದು ಬಗೆಯ ತಾರತಮ್ಯವನ್ನು ಅನುಭವಿಸಿದ್ದಾಗಿ ತಿಳಿಸಿದ್ದರು. ಮೂಲನಿವಾಸಿ ಆರೋಗ್ಯ ಕಾರ್ಯಕರ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸದ ಸ್ಥಳದಲ್ಲಿಯೇ ಜನಾಂಗೀಯ ಪೂರ್ವಾಗ್ರಹವನ್ನು ಎದುರಿಸಿದ್ದರು. ವರದಿಯು 24 ಶಿಫಾರಸುಗಳನ್ನು ಮಾಡಿತು. 2021ರ ಮೇ ತಿಂಗಳಿನಲ್ಲಿ ಶುಶ್ರೂಷಕರ ಕಾಲೇಜು ಸೇರಿದಂತೆ ನಾಲ್ಕು ವೃತ್ತಿ ನಿಯಂತ್ರಣ ಸಂಸ್ಥೆಗಳು ಮೂಲನಿವಾಸಿಗಳ ಕ್ಷಮೆ ಯಾಚಿಸಿದವು.

ಕಾರ್ಮಿಕ ಸಂಘಕ್ಕೆ ಈ ವರದಿಯು ಎರಡು ಅಲಗಿನ ಪ್ರಶ್ನೆಯನ್ನು ಮುಂದಿಟ್ಟಿತು. ಸಂಘದ ಸದಸ್ಯರಲ್ಲಿ ಜನಾಂಗಭೇದಕ್ಕೆ ಗುರಿಯಾದವರಿರುವಂತೆ ಅದನ್ನು ಎಸಗಿದವರೂ ಇರಬಹುದು. ರೋಗಿಯ ಸಾಂಸ್ಕೃತಿಕ ಸುರಕ್ಷತೆ ಮತ್ತು ಸಹೋದ್ಯೋಗಿಯ ಘನತೆ ಒಂದನ್ನೊಂದು ಬಿಟ್ಟಿರಲಾರವು ಎಂಬ ತಿಳಿವಳಿಕೆಯಿಂದ, ಮಾನವ ಹಕ್ಕುಗಳ ತರಬೇತಿಯಲ್ಲಿ ಸಾಂಸ್ಕೃತಿಕ ಸುರಕ್ಷತೆಯೂ ಮುಖ್ಯ ಪಾಠವಾಯಿತು.

ಹಿಂಸೆ, ಮಾನಸಿಕ ಆಘಾತ ಮತ್ತು ಸಿಬ್ಬಂದಿ ಕೊರತೆ

ರೋಗಿಗಳಿಂದಲೂ ಅವರ ಸಂಬಂಧಿಕರಿಂದಲೂ ನಡೆಯುವ ಹಲ್ಲೆ ಮತ್ತು ಬೈಗುಳವನ್ನು ವೃತ್ತಿಯ ಅನಿವಾರ್ಯ ಭಾಗವೆಂದು ಸಹಿಸಿಕೊಳ್ಳುವ ರೂಢಿಯನ್ನು ಸಂಘವು ವಿರೋಧಿಸುತ್ತ ಬಂದಿದೆ. ಕೆಲಸದಿಂದ ಮಾನಸಿಕ ಆಘಾತಕ್ಕೊಳಗಾದವರಿಗೆ ಪರಿಹಾರ ಸುಲಭವಾಗಿ ದೊರಕಿಸುವ ನಿಯಮವನ್ನು ಪ್ರಾಂತ್ಯ ಸರ್ಕಾರವು 2018ರಲ್ಲಿ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ಮೊದಲಾದವರಿಗೆ ಜಾರಿಗೊಳಿಸಿದಾಗ ಶುಶ್ರೂಷಕರು ಅದರ ಹೊರಗುಳಿದಿದ್ದರು. ಸಂಘದ ಒತ್ತಾಯದ ನಂತರ 2019ರಲ್ಲಿ ಅವರನ್ನೂ ಸೇರಿಸಲಾಯಿತು. ಆರೋಗ್ಯ ಕಾರ್ಯಕರ್ತರನ್ನು ಬೆದರಿಸುವುದನ್ನು ಅಪರಾಧವಾಗಿಸುವ ದಂಡ ಸಂಹಿತೆಯ ತಿದ್ದುಪಡಿಯನ್ನು ಕೆನಡಾದ ಸಂಸತ್ತು 2021ರ ಡಿಸೆಂಬರಿನಲ್ಲಿ ಅಂಗೀಕರಿಸಿತು.

2023ರ ಏಪ್ರಿಲ್‌ನಲ್ಲಿ, ಹೊಸ ಒಪ್ಪಂದದ ಸಂದರ್ಭದಲ್ಲಿ, ರೋಗಿಗಳ ಸಂಖ್ಯೆಗೆ ತಕ್ಕಂತೆ ಶುಶ್ರೂಷಕರ ಕನಿಷ್ಠ ಪ್ರಮಾಣವನ್ನು ನಿಗದಿಪಡಿಸುವುದಾಗಿ ಪ್ರಾಂತ್ಯ ಸರ್ಕಾರ ಘೋಷಿಸಿತು. ಕೆನಡಾದಲ್ಲಿ ಇಂತಹ ಕ್ರಮ ಇದೇ ಮೊದಲು. ಸಾಮಾನ್ಯ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ವಾರ್ಡುಗಳಿಗೆ ನಾಲ್ವರು ರೋಗಿಗಳಿಗೆ ಒಬ್ಬ ಶುಶ್ರೂಷಕರಂತೆ ಪ್ರಮಾಣವನ್ನು ಗೊತ್ತುಪಡಿಸಲಾಯಿತು. ಇದಕ್ಕೂ ಸಮತೆಗೂ ಸಂಬಂಧವಿದೆ. ಸಿಬ್ಬಂದಿ ಕಡಿಮೆಯಿರುವ ವಾರ್ಡಿನಲ್ಲಿ ಒಬ್ಬರಿಗೆ ಹಗುರ ಕೆಲಸ ಕೊಟ್ಟರೆ ಆ ಭಾರ ಉಳಿದವರ ಮೇಲೆ ಬೀಳುತ್ತದೆ. ಆಗ ಹೊಂದಾಣಿಕೆ ಪಡೆದವರೇ ಸಹೋದ್ಯೋಗಿಗಳ ಅಸಮಾಧಾನಕ್ಕೆ ಗುರಿಯಾಗುತ್ತಾರೆ.

ಹೋರಾಟಗಳು ಮತ್ತು ವಿವಾದಗಳು

ಸಂಘವು 1989ರಲ್ಲಿ ಪ್ರಾಂತ್ಯವ್ಯಾಪಿ ಮುಷ್ಕರ ನಡೆಸಿತು. 2001ರಲ್ಲಿ ಹೆಚ್ಚುವರಿ ಗಂಟೆಗಳ ದುಡಿಮೆಯನ್ನು ನಿರಾಕರಿಸಿ ಹೋರಾಡಿದಾಗ ಸರ್ಕಾರವು ಕಾನೂನಿನ ಮೂಲಕ ಒಪ್ಪಂದವನ್ನು ಹೇರಿತು. ಮರುವರ್ಷ ಬಂದ ಇನ್ನೊಂದು ಕಾನೂನು ಆರೋಗ್ಯ ಕ್ಷೇತ್ರದ ಒಪ್ಪಂದಗಳ ಹಲವು ರಕ್ಷಣೆಗಳನ್ನು ರದ್ದುಪಡಿಸಿ ಕೆಲಸಗಳನ್ನು ಹೊರಗುತ್ತಿಗೆಗೆ ಕೊಡಲು ಅವಕಾಶ ಮಾಡಿತು. ಅದರ ವಿರುದ್ಧ ಶುಶ್ರೂಷಕರ ಚೌಕಾಸಿ ಒಕ್ಕೂಟವೂ ಸೇರಿ ಹಲವು ಸಂಘಗಳು ಹೂಡಿದ ದಾವೆಯಲ್ಲಿ, ಸಾಮೂಹಿಕ ಚೌಕಾಸಿಗೆ ಸಂವಿಧಾನದ ಸಂಘಟನಾ ಸ್ವಾತಂತ್ರ್ಯದಡಿ ರಕ್ಷಣೆಯಿದೆ ಎಂದು ಸರ್ವೋಚ್ಚ ನ್ಯಾಯಾಲಯವು 2007ರ ಜೂನ್‌ನಲ್ಲಿ ತೀರ್ಪಿತ್ತಿತು. ತನ್ನದೇ ಹಿಂದಿನ ನಿಲುವನ್ನು ನ್ಯಾಯಾಲಯ ಬದಲಿಸಿಕೊಂಡ ಈ ತೀರ್ಪು ಕೆನಡಾದ ಕಾರ್ಮಿಕ ಇತಿಹಾಸದಲ್ಲಿ ಮೈಲಿಗಲ್ಲು.

ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ, 2021ರಲ್ಲಿ, ಆರೋಗ್ಯ ಕಾರ್ಯಕರ್ತರಿಗೆ ಲಸಿಕೆಯನ್ನು ಕಡ್ಡಾಯಗೊಳಿಸಲಾಯಿತು. ಸಂಘವು ಲಸಿಕೆ ಪಡೆಯುವಂತೆ ಸದಸ್ಯರನ್ನು ಉತ್ತೇಜಿಸಿದರೂ, ಸಿಬ್ಬಂದಿ ಕೊರತೆಯನ್ನು ಹೆಚ್ಚಿಸುವ ಆದೇಶವನ್ನು ಬೆಂಬಲಿಸಲು ಒಪ್ಪಲಿಲ್ಲ. ವೈಯಕ್ತಿಕ ಆಯ್ಕೆ ಮತ್ತು ರೋಗಿಗಳ ಸುರಕ್ಷತೆಗಳ ನಡುವೆ ಸಂಘದ ಹೊಣೆ ಯಾವುದು ಎಂಬ ಬಗ್ಗೆ ಎರಡೂ ಕಡೆಯಿಂದ ಟೀಕೆ ಬಂದಿತು. ಆದೇಶವನ್ನು 2024ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಭಾರತ ಮತ್ತು ಕರ್ನಾಟಕದೊಂದಿಗೆ ಸಂಬಂಧ

ಕೇರಳ, ಪಂಜಾಬ್ ಮೊದಲಾದ ರಾಜ್ಯಗಳ ದಾದಿಯರಂತೆ, ಬೆಂಗಳೂರು ಮತ್ತು ಮಂಗಳೂರಿನ ಶುಶ್ರೂಷಾ ಕಾಲೇಜುಗಳಲ್ಲಿ ಓದಿದವರೂ ವಿದೇಶಗಳಿಗೆ ಉದ್ಯೋಗಕ್ಕೆ ತೆರಳುತ್ತಾರೆ. ಕೆನಡಾ ಅಂತಹ ದೇಶಗಳಲ್ಲಿ ಒಂದು. ಅಲ್ಲಿಗೆ ಹೋದವರು ಶೈಕ್ಷಣಿಕ ಅರ್ಹತೆಯ ಮೌಲ್ಯಮಾಪನ, ಇಂಗ್ಲಿಷ್ ಭಾಷಾ ಪರೀಕ್ಷೆ ಹಾಗೂ 2015ರಿಂದ ಜಾರಿಯಲ್ಲಿರುವ ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆಯನ್ನು ದಾಟಬೇಕಾಗುತ್ತದೆ. ಈ ಅವಧಿಯಲ್ಲಿ ಅನುಭವೀ ದಾದಿಯರು ಸಹಾಯಕಿಯರಾಗಿ ಕಡಿಮೆ ವೇತನಕ್ಕೆ ದುಡಿಯುವುದುಂಟು. ಪರವಾನಗಿ ದೊರೆತ ನಂತರವೂ ಉಚ್ಚಾರಣೆ, ಬಣ್ಣ, ಹಿಂದಿನ ಸೇವೆಗೆ ಮನ್ನಣೆ ಮುಂತಾದ ವಿಷಯಗಳಲ್ಲಿ ತೊಡಕು ಎದುರಾದರೆ, ಸಂಘದ ಪ್ರತಿನಿಧಿಯನ್ನು ಕಾಣುವ ಹಕ್ಕು ಕೆಲಸಕ್ಕೆ ಸೇರಿದ ದಿನದಿಂದಲೇ ಅವರಿಗಿರುತ್ತದೆ.

ಇವನ್ನೂ ನೋಡಿ

ಶುಶ್ರೂಷೆ
ಫ್ಲಾರೆನ್ಸ್ ನೈಟಿಂಗೇಲ್
ಕಾರ್ಮಿಕ ಸಂಘ
ಮಾನವ ಹಕ್ಕುಗಳು
ಬ್ರಿಟಿಷ್ ಕೊಲಂಬಿಯಾ
ಕೆನಡಾದ ಮೂಲನಿವಾಸಿಗಳು